ನಂಬರು ನಲವತ್ತೇಳು

"ಹೊಡಿ ಅಂದಲ್ಲಿ ಹೊಡೀಬೇಕಲೇ ಹನಮ್ಯಾ. ನಿಮ್ಮಪ್ಪನ ಹೆಸರ ಕೆತ್ತಂತ ಹೇಳಾಕತ್ತಿಲ್ಲ ನಿನಗ. ಬರೇ ನಂಬರ!"

ಕಾಶಿನಾಥ ಸಾವ್ಕಾರ ಮೇಜಿನ ಮೇಲಿದ್ದ ಹೊಚ್ಚ ಹೊಸ ಉಕ್ಕಿನ ಪಂಚನ್ನು ಬೆರಳಿನಿಂದ ತಳ್ಳಿದ. ಅದು ಉರುಳಿ ಅಂಚು ದಾಟಿ ನುಣುಪಾದ ನೆಲದ ಮೇಲೆ ಠಣ್ಣೆಂದು ಬಿತ್ತು. ಬಾಗಿಲ ಹತ್ತಿರ ನಿಂತಿದ್ದ ಹನಮಂತ ಅದನ್ನು ನೋಡಿದ. ಬಗ್ಗಿ ಎತ್ತಿಕೊಳ್ಳಲಿಲ್ಲ.

ಹನಮಂತನಿಗೆ ಅರವತ್ಮೂರು. ಕಾಶಿನಾಥ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವ, ಮುರಿಗೆಪ್ಪ ಸಾವ್ಕಾರರ ಒಬ್ಬನೇ ಮಗ. ಹುಕ್ಕೇರಿ ಕಡೆಯ ಒಂದು ಗುಡ್ಡದ ಬುಡದಲ್ಲಿ ಅಪ್ಪ ಮಗ ಸೇರಿ ಕಟ್ಟಿಸುತ್ತಿದ್ದ ಸಕ್ಕರೆ ಕಾರ್ಖಾನೆಗೆ ಎಂ.ಡಿ. ಕೋಣೆಯಲ್ಲಿ ಚೀಫ್ ಇಂಜಿನಿಯರ್ ಈಶ್ವರನೂ ಇಬ್ಬರು ಗುತ್ತಿಗೆದಾರರೂ ಕೂತಿದ್ದರು. ಅವರ ಮುಂದೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಆರುತ್ತಿತ್ತು. ಹನಮಂತನ ಕೈಗೆ ಬಂದದ್ದು ಕಾಗದದ ಲೋಟ.

ಬಾಯ್ಲರಿನ ಕೊಳವೆಗಳಲ್ಲಿ ಒಂದೊಂದು ಜಾಯಿಂಟು ಬೆಸೆದ ಮೇಲೂ ಅದರ ಪಕ್ಕದಲ್ಲಿ ಬೆಸೆದವನ ನಂಬರನ್ನು ಪಂಚಿನಿಂದ ಹೊಡೆಯಬೇಕು. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಪಡೆದ ವೆಲ್ಡರಿಗೆ ಮಾತ್ರ ಆ ನಂಬರು. ನಾಳೆ ಜಾಯಿಂಟು ಬಿರಿದರೆ ಯಾರ ಕೈ ಎಂದು ಕಬ್ಬಿಣವೇ ಹೇಳುತ್ತದೆ. ಹನಮಂತನದು ನಲವತ್ತೇಳು. ದಿನಕ್ಕೆ ಎಂಟು ಜಾಯಿಂಟಿಗಿಂತ ಹೆಚ್ಚು ಅವನು ಮಾಡುತ್ತಿರಲಿಲ್ಲ. ಸಾವ್ಕಾರರಿಗೆ ಮೂವತ್ತು ಬೇಕಿತ್ತು. ಅವನು ಜ್ವರ ಬಂದು ಮಲಗಿದ ಎರಡೇ ದಿನದಲ್ಲಿ, ಗೇಟು ಮತ್ತು ಕಿಟಕಿ ಗ್ರಿಲ್ಲು ಬೆಸೆಯುವ ಇಬ್ಬರನ್ನು ಕರೆತಂದು ಎಪ್ಪತ್ತೆರಡು ಜಾಯಿಂಟು ಮುಗಿಸಿದ್ದರು. ಗುರುವಾರ ಸರ್ಕಾರದಿಂದ ಬಾಯ್ಲರ್ ತಪಾಸಣೆಯ ಸಾಹೇಬ ಬರುವವನಿದ್ದ. ಎಪ್ಪತ್ತೆರಡರ ಪಕ್ಕದಲ್ಲೂ ನಂಬರಿನ ಜಾಗ ಖಾಲಿ ಇತ್ತು.

"ನಾ ಮಾಡಿದ್ದಕ್ಕ ನನ್ನ ನಂಬರ ಹೊಡದೇನ್ರಿ" ಎಂದ ಹನಮಂತ. "ಇವು ನನ್ನ ಕೈ ಅಲ್ಲರಿ."

"ನಿನ್ನ ಕೈ ಏನ್ ಬಂಗಾರದ್ದ ಐತೇನಲೇ? ನಿಮ್ಮವ್ವ ಜಲ್ಮೆಲ್ಲಾ ನಮ್ಮ ದನದ ಮನ್ಯಾಗ ಸಗಣಿ ಬಳದಾಕಿ. ಮರತಿ?"

"ಇಲ್ಲರಿ. ಬಳದಾಳ. ಸಗಣಿ ಬಳದದ್ದೂ ಸ್ವಚ್ಛ ಬಳದಾಳ್ರಿ."

ಗುತ್ತಿಗೆದಾರನೊಬ್ಬನಿಗೆ ನಗು ಬಂದುಬಿಟ್ಟಿತು. ಚಹಾದ ಜೊತೆ ನುಂಗಿಕೊಂಡ. ಈಶ್ವರ ತನ್ನ ಬೂಟಿನ ತುದಿ ನೋಡುತ್ತ ಕೂತ. ಕಾಶಿನಾಥನ ಕಿವಿ ಕೆಂಪಾದವು.

"ಬಾಯಿ ಬಂದೈತಿ ಭಾಡ್ಯಾಗ. ಕೇಳಿಲ್ಲಿ. ದುರ್ಗ್ಯಾ ನಿನ್ನ ಅಳಿಯ ಹೌದಲ್ಲ? ಒಂದನೇ ತಾರೀಖಿಗೆ ಅವನ್ನ ಬಾಯ್ಲರಿಗಿ ಉರಿ ಹಾಕೂ ಫಾಯರಮನ್ ಅಂತ ಕಾಯಂ ಮಾಡೂದೈತಿ. ಕಾಗದ ಈ ಡ್ರಾವರದಾಗ ಐತಿ. ಹರದ ಒಗಿಯಾಕ ನನಗೆಷ್ಟ ಹೊತ್ತ ಬೇಕ?"

ಹನಮಂತ ಕಾಗದದ ಲೋಟವನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟ. ಚಹಾ ಮುಟ್ಟಿರಲಿಲ್ಲ. ಹೊರಗೆ ಬಂದ.

ಅವನ ಕೈ ಬಂಗಾರದ್ದಾಗಿರಲಿಲ್ಲ. ಮುಂಗೈಯಿಂದ ಮೊಣಕೈವರೆಗೆ ಎಳ್ಳು ಚೆಲ್ಲಿದ ಹಾಗೆ ಕಿಡಿ ಸುಟ್ಟ ಕಲೆ. ಬಲಗೈಯಷ್ಟೇ ಸಲೀಸಾಗಿ ಎಡಗೈ ಓಡುತ್ತಿತ್ತು. ಮೇಲವಂಕಿಯ ಕೇರಿಯಿಂದ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಬ್ಬಿಣದ ಹೊರೆ ಹೊರುವ ಕೂಲಿಯಾಗಿ ಲಾರಿ ಹತ್ತಿದವನು ಅವನು. ರಾಯಚೂರು ಕಡೆ ಕರೆಂಟಿನ ಕಾರ್ಖಾನೆ ಏಳುತ್ತಿದ್ದ ಕಾಲ. ಅಲ್ಲಿ ಕರ್ನೈಲ್ ಸಿಂಗ್ ಎಂಬ ಸರ್ದಾರ ವೆಲ್ಡರ್ ಇದ್ದ. ಅವನು ಹನಮಂತನ ಜಾತಿ ಕೇಳಲಿಲ್ಲ. ಉಸಿರು ಹಿಡಿದು ಎಷ್ಟು ಹೊತ್ತು ಕೂರಬಲ್ಲೆ ಎಂದು ಕೇಳಿದ. ಗೋಡೆಗೆ ಒತ್ತಿಕೊಂಡಿರುವ ಕೊಳವೆಯ ಹಿಂಭಾಗ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿಗೊಂದು ಕೈಗನ್ನಡಿ ಕಟ್ಟಿ, ಅದರೊಳಗೆ ನೋಡುತ್ತ ಬೆಸೆಯಬೇಕು. ಕನ್ನಡಿಯಲ್ಲಿ ಕೈ ಉಲ್ಟಾ ಓಡುತ್ತದೆ. ಎಡ ಅಂದರೆ ಬಲ. ಅದನ್ನು ಕಲಿಯಲು ಹನಮಂತನಿಗೆ ಎರಡು ವರ್ಷ ಹಿಡಿಯಿತು. ಬೆಸುಗೆಯ ಬೆಳಕು ಬಡಿದ ಕಣ್ಣಿಗೆ ರಾತ್ರಿ ಉಸುಕು ತುಂಬಿದಂತಾಗಿ, ಬಟಾಟಿ ಹೋಳು ಕಟ್ಟಿಕೊಂಡು ಗೋಡೆಗೆ ತಲೆ ಚಚ್ಚಿಕೊಂಡು ಅತ್ತದ್ದೂ ಉಂಟು. ಮೂರನೆಯ ವರ್ಷ ಪರೀಕ್ಷೆಗೆ ಕೂತ. ಅವನು ಬೆಸೆದ ತುಂಡನ್ನು ಕುಯ್ದರು, ಬಗ್ಗಿಸಿದರು, ಎಕ್ಸ್-ರೇ ಹಿಡಿದರು. ಒಡಕು ಸಿಗಲಿಲ್ಲ. ನಲವತ್ತೇಳು ಅವನದಾಯಿತು.

ಆಮೇಲೆ ಕೋರ್ಬಾ, ಚಂದ್ರಪುರ, ಕುವೈತಿನಲ್ಲಿ ಆರು ವರ್ಷ. ನೂರಾರು ಅಡಿ ಎತ್ತರದಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ತೂಗಾಡಿದ್ದಾನೆ. ಮನುಷ್ಯ ಮಗ್ಗಲು ಬದಲಿಸಲಾಗದ ಉಕ್ಕಿನ ಡ್ರಮ್ಮಿನೊಳಗೆ ಅಂಗಾತ ಮಲಗಿ ಬೆಸೆದಿದ್ದಾನೆ. ಅವನು ಬೆಸೆದ ಕೊಳವೆಗಳ ಉಗಿಯಿಂದ ಎಷ್ಟು ಊರಿಗೆ ದೀಪ ಹತ್ತಿದವೋ ಅವನಿಗೇ ಗೊತ್ತಿಲ್ಲ.

ಕುವೈತಿನಿಂದ ಮೊದಲ ಸಲ ಬಂದಾಗ ಹೊಸ ಬೂಟು ಹಾಕಿಕೊಂಡು ಮುರಿಗೆಪ್ಪ ಸಾವ್ಕಾರರ ವಾಡೆಯ ಮುಂದೆ ಹಾದುಹೋಗಿದ್ದ. ಕಟ್ಟೆಯ ಮೇಲಿದ್ದ ಸಾವ್ಕಾರರು ಕೂಗಿ ನಿಲ್ಲಿಸಿದ್ದರು.

"ಯಾರದು? ದೇವಕ್ಕಿ ಮಗನೇನು?"

"ಹೌದರಿ ಯಪ್ಪಾ."

"ಅರಬರ ಊರಾಗ ಬೂಟ ಮೆಟ್ಟಿ ಅಡ್ಡಾಡಿರಬೇಕ. ಇದು ಅರಬರ ಊರಲ್ಲ ತಮ್ಮಾ."

ಅಷ್ಟೇ. ದನಿ ಕೂಡ ಏರಿಸಿರಲಿಲ್ಲ. ಹನಮಂತ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಕೇರಿಯವರೆಗೆ ನಡೆದ. ಎರಡು ತಿಂಗಳ ರಜೆ ಇತ್ತು. ನಾಲ್ಕನೆಯ ದಿನ ತಿರುಗಿ ಹೋದ.

ಈಗ ವಯಸ್ಸಾಗಿತ್ತು. ಮನೆಗೆ ಹತ್ತಿರ ಇರಲೆಂದು ಅದೇ ಸಾವ್ಕಾರರ ಕೆಲಸ ಒಪ್ಪಿಕೊಂಡಿದ್ದ. ಆದರೆ ಮಾಡದ ಜಾಯಿಂಟಿಗೆ ನಂಬರು ಕೊಡುವುದೆಂದರೆ ಅವನಿಗೆ ಕಲ್ಲೋಳಿಯ ಮಾಲಿಂಗಪ್ಪನ ಮುಖ ಎದುರು ಬರುತ್ತಿತ್ತು. ಮಾಲಿಂಗಪ್ಪ ಅವನ ಜೊತೆಗಾರ, ನಂಬರು ಇಪ್ಪತ್ತೊಂಬತ್ತು. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೇಸ್ತ್ರಿ ಕಾಡಿದನೆಂದು ಒಂದು ದಿನದ ಮಟ್ಟಿಗೆ ಪಂಚು ಬೇರೆಯವರ ಕೈಗೆ ಕೊಟ್ಟಿದ್ದ. ಕಬ್ಬು ಅರೆಯುವ ಹಂಗಾಮಿನಲ್ಲಿ ಕೊಳವೆ ಸಿಡಿಯಿತು. ಮೂವರು ಸತ್ತರು, ಅವರಲ್ಲಿ ಮಾಲಿಂಗಪ್ಪನೂ ಒಬ್ಬ. ಉಗಿ ಬಡಿದ ಮೈಯಿಂದ ಅಂಗಿ ಬಿಡಿಸಲು ಹೋದರೆ ಚರ್ಮವೇ ಬಂತು, ಬಿಡಿಸಿದವನು ಹನಮಂತ. ತಿಂಗಳು ಕಳೆದ ಮೇಲೆ ಮಾಲಿಂಗಪ್ಪನ ಹೆಂಡತಿ ದುಂಡವ್ವ ಒಂದು ಕಾಗದ ಹಿಡಿದು ಬಂದಳು.

"ಇದರಾಗ ಏನ್ ಬರದಾರ ಓದ್ ಯಣ್ಣಾ. ಸಾಯಬರು ಪರಿಹಾರ ಇಲ್ಲ ಅಂದ್ರು."

ಬೆಸುಗೆಯ ದೋಷ, ವೆಲ್ಡರ್ ನಂಬರು ಇಪ್ಪತ್ತೊಂಬತ್ತು ಎಂದು ಬರೆದಿತ್ತು. ತನ್ನ ಸಾವಿಗೂ ಜೊತೆಗಿನ ಇಬ್ಬರ ಸಾವಿಗೂ ಸತ್ತವನೇ ಹೊಣೆಯಾಗಿದ್ದ. ಹನಮಂತ ಅದನ್ನು ಓದಿ ಹೇಳಲಾರದೆ, ಕನ್ನಡಕ ಇಲ್ಲವೆಂದು ಸುಳ್ಳು ಹೇಳಿದ್ದ.

ಕಾಶಿನಾಥನ ಕೋಣೆಯಿಂದ ಬಂದ ದಿನ ಸಂಜೆ ಮನೆಯಲ್ಲಿ ಹೆಂಡತಿ ರಾಯವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ಪೂನಮ್ ಗಂಡನ ಜೊತೆ ಬೈಕಿನಲ್ಲಿ ಬಂದಳು. ಗಂಡ ದುರ್ಗೇಶ ಹನಮಂತನ ಅಕ್ಕನ ಮಗನೇ. ಮೂವತ್ತೆರಡು ವರ್ಷದ ಗಟ್ಟಿ ಆಳು. ಕಾರ್ಖಾನೆಯ ಸುದ್ದಿ ಆಗಲೇ ಅವನ ಕಿವಿಗೆ ಬಿದ್ದಿತ್ತು. ಬೈಕು ನಿಲ್ಲಿಸುವಾಗಲೇ ಶುರುಮಾಡಿದ.

"ಮಾವಾ, ಹೊಡದ ಬಿಡ ಆ ನಂಬರ. ಹನ್ನೊಂದ ವರ್ಷ ಆತು ಕಂಡವರ ಕೈಯಾಗ ದಿನಗೂಲಿ ಮಾಡಾಕತ್ತ. ಈಗ ಒಂದ ಕಾಯಂ ಬಂದೈತಿ. ನಿನ್ನ ಹಟಕ್ಕ ನನ್ನ ಹೊಟ್ಟಿ ಮ್ಯಾಲ ಹೊಡೀತಿ?"

"ಹಟ ಅಲ್ಲೋ. ಆ ಜಾಯಿಂಟ ನೋಡೀನಿ ನಾ. ಮ್ಯಾಲ ಚಂದ ಕಾಣತಾವ. ಒಳಗ ಹಿಡದ ಇಲ್ಲ."

"ನೀರ ತುಂಬಿ ಪ್ರೆಶರ್ ಕೊಟ್ಟರಲ್ಲ, ಒಡೀಲಿಲ್ಲ?"

"ಎಷ್ಟ ಕೊಟ್ಟರು? ಅರ್ಧಕ್ಕ ನಿಲ್ಲಿಸಿದರು. ಅಷ್ಟಕ್ಕ ಏಳೆಂಟ ಜಾಯಿಂಟ ಬೆವತಿದ್ದು. ಅರಬಿಲೆ ಒರಸಿ ಬಣ್ಣಾ ಬಳದರು. ತಣ್ಣೀರಿಗೆ ಬೆವರೂದು ಉಗಿಗೆ ಏನಾಕ್ಕೈತಿ?"

"ದೊಡ್ಡ ದೊಡ್ಡ ಇಂಜಿನಿಯರಗೋಳ ಅದಾರ. ಅವರಿಗಿ ಗೊತ್ತಿಲ್ಲೇನ?"

ಹನಮಂತ ಕೇಳಿದ: "ಇಂಜಿನಿಯರ್ ಎಲ್ಲಿ ಕುಂಡರತಾನ?"

"ಆಫೀಸಿನ್ಯಾಗ."

"ಆ ಬಾಯ್ಲರ್ ಬಾಗಲ ಮುಂದ ಎಂಟ ತಾಸ ನಿಂದರಾಂವ ಯಾರು?"

ಒಲೆಯ ಮುಂದಿದ್ದ ರಾಯವ್ವ ಕೈ ನಿಲ್ಲಿಸಿದಳು. ಪೂನಮ್ ಗಂಡನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು.

"ಸುಡಲಿ ಅವರ ವಂಶಾ!" ರಾಯವ್ವ ಹಿಟ್ಟಿನ ಕೈಯಿಂದಲೇ ನೆಟಿಕೆ ಮುರಿದಳು. "ಸೂಳಿಮಕ್ಕಳು ಬಾಳೇವು ಮಾಡ್ತೀವಂದ್ರ ಬಿಡೂದಿಲ್ಲ, ಸಾಯ್ತೀವಂದ್ರೂ ಬಿಡೂದಿಲ್ಲ."

ದುರ್ಗೇಶ ಊಟ ಮಾಡದೆ ಬೈಕು ಹತ್ತಿದ. ಪೂನಮ್ ಮಾತ್ರ ತವರಿನಲ್ಲೇ ಉಳಿದಳು.

ಮರುದಿನ ಹನಮಂತ ಈಶ್ವರನನ್ನು ಬಾಯ್ಲರಿನ ಮೆಟ್ಟಿಲ ಕೆಳಗೆ ಹಿಡಿದ. ಯಾರೂ ಇಲ್ಲದಾಗ ಈಶ್ವರ ಅವನನ್ನು ಅಣ್ಣಾ ಎನ್ನುತ್ತಿದ್ದ.

"ಸಾಹೇಬ್ರ, ಹತ್ತ ದಿನ ಕೊಡ್ರಿ. ಎಪ್ಪತ್ತೆರಡೂ ಕೊಯ್ದ ತಗದ ಹೊಸಾದಾಗಿ ಮಾಡಿ ಕೊಡ್ತೇನಿ. ನನಗ ಹಾಜರಿ ಬ್ಯಾಡ."

"ನನ್ನ ಕೈಯಾಗ ಏನೈತಿ ಅಣ್ಣಾ? ಬರೂ ಸೋಮವಾರ ಹತ್ತ ಗಂಟೇಕ್ಕ ಅಗ್ನಿ ಹಾಕಾಕ ಭಟ್ರು ಮುಹೂರ್ತ ತಗದಾರ. ಕಾರ್ಡ ಹಂಚಿ ಆಗೈತಿ. ಮಂತ್ರಿಗೋಳ ಬರೂದೈತಿ."

"ಮುಹೂರ್ತಕ್ಕ ಕಬ್ಬಿಣ ಹಿಡೀತೈತೇನ್ರಿ?"

ಈಶ್ವರ ಅತ್ತಿತ್ತ ನೋಡಿದ. ಮೇಲಿನ ಅಟ್ಟಣಿಗೆಯಲ್ಲಿ ಯಾರೋ ನಡೆದ ಸಪ್ಪಳವಾಯಿತು. "ಏ ಹನಮಂತ, ಕೆಲಸ ನೋಡ ನಡಿ" ಎಂದು ಗಟ್ಟಿಯಾಗಿ ಕೂಗಿ ಹೊರಟೇಹೋದ.

ಗುರುವಾರ ಬೆಳಿಗ್ಗೆ ಹನಮಂತ ಅಟ್ಟಣಿಗೆ ಹತ್ತಿ ನೋಡಿದರೆ ಆ ಜಾಯಿಂಟುಗಳ ಪಕ್ಕದಲ್ಲಿ ನಲವತ್ತೇಳು ಎಂದು ಹೊಡೆದಿತ್ತು. ಎಪ್ಪತ್ತೆರಡಕ್ಕೂ. ಹೆಬ್ಬೆರಳಿನಿಂದ ಸವರಿದ. ಅವನ ಪಂಚಿನಲ್ಲಿ ಏಳರ ಕಾಲು ಸವೆದು ಮೊಂಡಾಗಿತ್ತು. ನಲವತ್ತು ವರ್ಷದ ಪಂಚು ಅದು. ಇಲ್ಲಿ ಏಳರ ಕಾಲು ಬೆರಳಿಗೆ ಚುಚ್ಚುವಷ್ಟು ಚೂಪು. ವರ್ಕಶಾಪಿನಲ್ಲಿ ಹೊಸದು ಮಾಡಿಸಿದ್ದರು, ಅಂದು ಮೇಜಿನಿಂದ ಉರುಳಿ ಬಿದ್ದದ್ದು ಅದೇ. ಅವನ ಕೈಯನ್ನೇ ಕಡಿದು ಬೇರೆಯವನ ತೋಳಿಗೆ ಹೊಲಿದಂತೆ ಅನ್ನಿಸಿತು. ಕಂಬಿ ಹಿಡಿದು ಕೂತುಬಿಟ್ಟ.

ತಪಾಸಣೆಯ ಸಾಹೇಬ ಮಧ್ಯಾಹ್ನ ಬಂದ. ನಂಬರು ನೋಡಿದ, ಜಾಯಿಂಟುಗಳ ಎಕ್ಸ್-ರೇ ಫಿಲ್ಮು ನೋಡಿದ. ಯಾವ ಜಾಯಿಂಟಿನ ಫಿಲ್ಮಿಗೆ ಯಾವ ಚೀಟಿ ಅಂಟಿಸಿದೆ ಎಂದು ಅವನಿಗೇನು ಗೊತ್ತು? ಸಹಿ ಮಾಡಿದ, ಗೆಸ್ಟ್ ಹೌಸಿನಲ್ಲಿ ಉಂಡ. ಅವನ ಕಾರು ಗೇಟಿಗೆ ಬಂದಾಗ ಹನಮಂತ ಅಡ್ಡ ನಿಂತು ಕೈ ಮುಗಿದ.

"ಸಾಹೇಬ್ರ, ನಾನ ನಲವತ್ತೇಳು. ಅದರಾಗ ಎಪ್ಪತ್ತೆರಡ ಜಾಯಿಂಟ ನನ್ನವಲ್ಲರಿ. ತಿರುಗಿ ಹೋಗಿ ನೋಡ್ರಿ, ಏಳರ ಕಾಲ ನೋಡ್ರಿ ಸಾಕ."

ಕಾರಿನ ಗಾಜು ನಾಲ್ಕು ಬೆರಳು ಇಳಿಯಿತು. "ಏನಿದ್ದರೂ ಬರವಣಿಗೆಯಲ್ಲಿ ಕೊಡಿ. ರಸ್ತೆಯಲ್ಲಿ ಹೀಗೆಲ್ಲ ಅಡ್ಡ ಹಾಕಬಾರದು." ಗಾಜು ಏರಿತು. ವಾಚಮನ್ ಕೊರಳಪಟ್ಟಿ ಹಿಡಿದು ಹನಮಂತನನ್ನು ಪಕ್ಕಕ್ಕೆಳೆದ. ಅಂಗಿಯ ಎರಡು ಗುಂಡಿ ಕಿತ್ತು ಬಿದ್ದವು.

ಕಾಶಿನಾಥ ನಡೆದೇ ಬಂದ. ಹನಮಂತನ ತಲೆಯ ಮೇಲಿದ್ದ ಹೆಲ್ಮೆಟ್ಟನ್ನು ತಾನೇ ಕಿತ್ತು, ಕೊರಳಲ್ಲಿದ್ದ ಗೇಟು ಪಾಸಿನ ದಾರ ಜಗ್ಗಿ ಹರಿದ.

"ಬೋಳಿಮಗನ, ನನ್ನ ಗೇಟಿನ್ಯಾಗ ನನ್ನ ಮ್ಯಾಲ ಚಾಡಿ? ಬಾಯ್ಲರ್ ಬಾಜೂಕ ನಿನ್ನ ನೆರಳ ಬಿತ್ತಂದ್ರ ಕಾಲ ಮುರಸ್ತೇನಿ. ಬರದ ಕೊಡ ಹೋಗ, ಯಾರಿಗಿ ಕೊಡ್ತಿ ಕೊಡ. ಸರ್ಕಾರಿ ಕಾಗದದಾಗ ಎಪ್ಪತ್ತೆರಡೂ ನಿನ್ನ ಹೆಸರಿನ್ಯಾಗ ಅದಾವ."

ಹನಮಂತ ತಪಾಸಣೆಯ ಸಾಹೇಬನ ಕಚೇರಿಗೆ ಬರೆದೂ ಕೊಟ್ಟ. ಪೂನಮ್ ಬರೆದಳು, ಅವನು ಸಹಿ ಹಾಕಿ ಗೋಕಾಕದ ಪೋಸ್ಟಿನಿಂದ ರಿಜಿಸ್ಟರ್ ಮಾಡಿದ. ಗುಮಾಸ್ತ ಚೀಟಿ ಹರಿದು ಕೊಡುತ್ತ, ನಡುವೆ ರವಿವಾರ ಇರುವುದರಿಂದ ಮುಟ್ಟಲು ಐದಾರು ದಿನವೆಂದ.

ರವಿವಾರ ಸಂಜೆ ದುರ್ಗೇಶ ಬಂದ. ಈ ಸಲ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತು, ಕೈಗಳನ್ನು ಮೂಸಿ ನೋಡಿಕೊಂಡ.

"ಏನಾತೋ?" ಎಂದಳು ರಾಯವ್ವ.

"ಇವತ್ತ ಬಾಯ್ಲರ್ ತೊಳದರು ಅತ್ತಿ. ಆಕಳ ಗಂಜಲದಿಂದ. ಒಳಗ ಯಾವ್ಯಾವ ಜಾತಿಯವರೋ ಹೊಕ್ಕ ಬಂದಾರ, ಶುದ್ಧ ಮಾಡಬೇಕಂದ ಭಟ್ಟ." ಅವನು ಒಮ್ಮೆ ನಕ್ಕ. "ಬಕೀಟ ಹಿಡಿಯಾಕ ಆಳ ಬೇಕಾಗಿತ್ತ. ಎಂ.ಡಿ. ನನಗ ಹಿಡಿ ಅಂದ. ಕಾಯಂ ಕಾಗದ ಇನ್ನೂ ಅವನ ಡ್ರಾವರದಾಗ ಐತಿ. ಹಿಡದೆ."

ಪೂನಮ್ ತಂಬಿಗೆಯಲ್ಲಿ ನೀರು ತಂದಳು. ಅವನು ಕೈ ತೊಳೆದ, ಮತ್ತೆ ಮೂಸಿದ, ಮತ್ತೆ ತೊಳೆದ. ಹನಮಂತ ಒಂದೇ ಮಾತು ಕೇಳಿದ.

"ನೀರ ತುಂಬ್ಯಾರೇನು?"

"ತುಂಬ್ಯಾರ. ಮುಂಜಾನಿ ಹಚ್ಚೂದೊಂದ ಬಾಕಿ."

ಸೋಮವಾರ ಬೆಳಕು ಹರಿಯುವಾಗ ಹನಮಂತ ರೊಟ್ಟಿಯ ಚೀಲದಲ್ಲಿ ಒಂದು ಹ್ಯಾಕ್ಸಾ ಗರಗಸ, ನಾಲ್ಕು ಬ್ಲೇಡು, ಒಂದು ಬ್ಯಾಟರಿ ಇಟ್ಟುಕೊಂಡು ಹೊರಟ. ಎಲ್ಲಿಗೆಂದು ರಾಯವ್ವ ಕೇಳಲಿಲ್ಲ. ಚೀಲಕ್ಕೆ ಎರಡು ರೊಟ್ಟಿಯನ್ನೂ ಹಾಕಿದಳು.

ಕಾರ್ಖಾನೆಯ ಮುಂದಿನ ಗೇಟಿನಲ್ಲಿ ತೋರಣ ಕಟ್ಟುತ್ತಿದ್ದರು. ಹಿಂದಿನ ಬದಿ, ಕಬ್ಬಿನ ಸಿಪ್ಪೆ ಸುರಿಯುವ ಅಂಗಳದಲ್ಲಿ, ಕಾಂಪೌಂಡು ಇನ್ನೂ ಎದ್ದಿರಲಿಲ್ಲ. ಹನಮಂತ ಅಲ್ಲಿಂದ ಒಳಬಂದು, ಬೂದಿ ತೆಗೆಯುವ ಕಿಂಡಿಯಲ್ಲಿ ತೂರಿ, ಬಾಯ್ಲರಿನ ಉರಿಗೂಡಿಗೆ ಏರಿದ. ಕೆಳಗೆ ಕಬ್ಬಿಣದ ಜಾಳಿಗೆ, ನಾಲ್ಕೂ ಕಡೆ ಕೊಳವೆಗಳ ಗೋಡೆ. ಗಂಜಲದ ನಾತ ಗಪ್ಪೆಂದು ಬಡಿಯಿತು. ಬ್ಯಾಟರಿ ಹಚ್ಚಿ ಒಂದೊಂದೇ ಕೊಳವೆಯನ್ನು ನೋಡಿದ. ಗ್ರಿಲ್ಲಿನವರು ಮಾಡಿದ ಜಾಯಿಂಟುಗಳಲ್ಲಿ ನಿಂತ ಕೈಗೆ ಸಿಗುವಂಥವು ಹನ್ನೊಂದಿದ್ದವು. ಗುರುತಿಟ್ಟುಕೊಂಡು ಜಾಳಿಗೆಯ ಮೇಲೆ ಕೂತ. ಒಂದನ್ನು ಕೊಯ್ದರೂ ನೀರಿಳಿದು ಉರಿ ಹಾಕುವಂತಿರುವುದಿಲ್ಲ, ಆದರೆ ಮೊದಲು ಮಂದಿಯ ಮುಂದೆ ಕೇಳಿ ನೋಡಬೇಕಿತ್ತು. ಒಂದು ರೊಟ್ಟಿ ತಿಂದ.

ಒಂಬತ್ತರ ಹೊತ್ತಿಗೆ ಹೊರಗೆ ಕುರ್ಚಿ ಎಳೆಯುವ ಸದ್ದು, ಧ್ವನಿವರ್ಧಕದಲ್ಲಿ ಮಂತ್ರ. ಹತ್ತು ಗಂಟೆಗೆ ಉರಿಗೂಡಿನ ಬಾಗಿಲು ತೆರೆಯಿತು. ಬೆಳಕಿನ ಚೌಕದಲ್ಲಿ ಮೊದಲು ಕರ್ಪೂರದ ತಟ್ಟೆ ಕಂಡಿತು, ಆಮೇಲೆ ಭಟ್ಟನ ಮುಖ. ಭಟ್ಟ ಒಳಗೆ ಬಗ್ಗಿದವನು ಚೀರಿ ಹಿಂದೆ ಸರಿದ.

"ಒಳಗ ಯಾರೋ ಅದಾರ್ರೀ!"

"ನಾ ಅದೇನ್ರಿ" ಎಂದ ಹನಮಂತ. "ನಲವತ್ತೇಳು."

ಮಂತ್ರ ನಿಂತಿತು. ಕಾಶಿನಾಥನ ತಲೆ ಬಾಗಿಲಲ್ಲಿ ತೂರಿತು. ಹಣೆಯ ತುಂಬ ವಿಭೂತಿ. "ಹೊರಗ ಬಾರಲೇ ಹಲ್ಕಟ್ ನನ್ನ ಮಗನ! ಒದ್ದ ಎಳಸ್ತೇನಿ."

"ಎಪ್ಪತ್ತೆರಡ ಕೊಯ್ದ ಮಾಡಿಸ್ತೇನಿ ಅನ್ರಿ, ಮೈಕಿನ್ಯಾಗ ಅನ್ರಿ. ಬರ್ತೇನಿ."

"ನಿನ್ನವ್ವನ—"

"ಅನ್ನಲಿಲ್ಲಂದ್ರ ಹಚ್ಚರಿ. ನಾ ಇಲ್ಲೇ ಕುಂತೇನಿ."

ಕಾಶಿನಾಥನನ್ನು ಪಕ್ಕಕ್ಕೆ ಸರಿಸಿ ಮುರಿಗೆಪ್ಪ ಸಾವ್ಕಾರರು ಬಂದರು. ಎಂಬತ್ತರ ಮುಖ, ಬಿಳಿ ರುಮಾಲು. ಕೈಯಲ್ಲಿ ಉರಿಗೂಡಿಗೆ ಎಸೆಯಬೇಕಾಗಿದ್ದ, ಎಣ್ಣೆಬಟ್ಟೆ ಸುತ್ತಿದ ಪಂಜು ಆಗಲೇ ಹೊತ್ತಿ ಉರಿಯುತ್ತಿತ್ತು.

"ಹನಮಂತಾ" ಎಂದರು ಮೆಲ್ಲಗೆ. ಜೀವಮಾನದಲ್ಲಿ ಮೊದಲ ಸಲ ಪೂರ್ತಿ ಹೆಸರು. "ಮಂತ್ರಿಗೋಳ ಹಾದ್ಯಾಗ ಅದಾರ. ಮಂದಿ ಕುಂತಾರ. ಮಾನಾ ಹೋಗತೈತಿ. ಹೊರಗ ಬಾ, ಕುಂತ ಮಾತಾಡೂಣು."

"ಕುಂತೇನ್ರಿ ಯಪ್ಪಾ. ನೀವ ಒಳಗ ಬರ್ರಿ, ಇಲ್ಲೇ ಮಾತಾಡೂಣು."

ಹೊರಗೆ ಎಲ್ಲೋ ಒಬ್ಬ ಕೂಲಿ ಕಿಸಕ್ಕೆಂದ. ಇನ್ನೊಬ್ಬ ಕೇಕೆ ಹಾಕಿದ. ಕಾಶಿನಾಥ ಕೂಗಿದ್ದು ಕೇಳಿತು: "ದುರ್ಗ್ಯಾ! ಎಲ್ಲಿ ಹ್ವಾದ್ಯೋ? ಹೊಕ್ಕ ಎಳಕೊಂಡ ಬಾ ನಿನ್ನ ಮಾವನ್ನ. ಇಲ್ಲಂದ್ರ ಇಬ್ಬರನೂ ಪೊಲೀಸರಿಗಿ ಕೊಡ್ತೇನಿ."

ಬೂಟಿನ ಸಪ್ಪಳ ಹತ್ತಿರ ಬಂತು. ಬಾಗಿಲಿನ ಬೆಳಕು ಪೂರ್ತಿ ಮುಚ್ಚಿತು. ಬಾಗಿಲು ಹಾಕಿದರು ಎಂದುಕೊಂಡ ಹನಮಂತ. ಬ್ಯಾಟರಿ ಹಿಡಿದು ನೋಡಿದರೆ ಬಾಗಿಲಿಗೆ ಅಡ್ಡವಾಗಿ ಒಂದು ಬೆನ್ನು ನಿಂತಿತ್ತು. ಮುಹೂರ್ತಕ್ಕೆಂದು ಫಾಯರಮನ್ನನಿಗೆ ಕೊಟ್ಟ ಹೊಸ ಖಾಕಿ ಅಂಗಿ, ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತ್ತು.

"ಇದರ ಫಾಯರಮನ್ ನಾ ಅದೇನ್ರಿ" ಎನ್ನುತ್ತಿದ್ದ ದುರ್ಗೇಶ. "ಹಚ್ಚೂದು ನಂದ, ಬಿಡೂದು ನಂದ. ನಾ ಹಚ್ಚೂದಿಲ್ಲ. ಇಲ್ಲಿಂದ ಸರಿಯೂದೂ ಇಲ್ಲ."

ಏಟು ಬಿದ್ದ ಸದ್ದು ಕೇಳಿತು. ಬೆನ್ನು ಅಲುಗಿತು, ಸರಿಯಲಿಲ್ಲ. ಇನ್ನೊಂದು ಏಟು.

ಹನಮಂತ ಎದ್ದ. ಬ್ಯಾಟರಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮೊದಲ ಜಾಯಿಂಟಿನ ಮುಂದೆ ನಿಂತ. ಇಡೀ ಆಯುಷ್ಯದಲ್ಲಿ ಅವನು ಕಬ್ಬಿಣ ಕೂಡಿಸಿದವನು, ತುಂಬಿದ ಕೊಳವೆಗೆ ಎಂದೂ ಗರಗಸ ಇಟ್ಟವನಲ್ಲ. ಕೈ ಒಂದು ಕ್ಷಣ ಹಿಂಜರಿಯಿತು. ಹೊರಗೆ ಮೂರನೆಯ ಏಟು ಬಿತ್ತು. ಅವನು ಬೆಸುಗೆಯ ಗೆರೆಯ ಮೇಲೇ ಬ್ಲೇಡು ಇಟ್ಟು ಎಳೆದ.

ಕರ್‍ರ್, ಕರ್‍ರ್. ಬಣ್ಣ ಸುಲಿಯಿತು. ಕೆಳಗೆ ಜೇನುಗೂಡಿನಂತೆ ತೂತು ತೂತಾದ ಲೋಹ ಕಂಡಿತು. ಬಹಳ ಹೊತ್ತು ಕೊಯ್ಯಬೇಕಾಗಲಿಲ್ಲ. ನೂಲಿನಷ್ಟು ಸಣ್ಣ ನೀರಿನ ಎಳೆಯೊಂದು ಚಿಮ್ಮಿ ಅವನ ಕೆನ್ನೆಗೆ ಬಡಿಯಿತು, ಮರುಗಳಿಗೆಗೆ ಬೆರಳಿನಷ್ಟು ದಪ್ಪವಾಗಿ ಎದೆಗೆ ಅಪ್ಪಳಿಸಿತು. ಜಾಳಿಗೆಯಿಂದ ಇಳಿದ ನೀರು ಬೂದಿಯ ಕಿಂಡಿಯಿಂದ ಹೊರಗೆ ಹರಿಯಿತು. "ನೀರು! ನೀರ್ ಬಂತ್ರೋ!" ಎಂದು ಯಾರೋ ಕೂಗಿದರು. ಕುರ್ಚಿಗಳು ಉರುಳಿದವು. ಪೊಲೀಸರನ್ನು ಕರೆಯಿರಿ ಎಂದು ಕಾಶಿನಾಥ ಚೀರುತ್ತಿದ್ದ.

ಹನಮಂತ ಮುಖ ಒರೆಸಿಕೊಂಡ. ಬ್ಲೇಡಿನ ಹಲ್ಲು ಬೋಳಾಗಿತ್ತು. ಬಿಚ್ಚಿ, ಹೊಸದು ಹಾಕಿ, ಬಿಗಿ ಮಾಡಿ, ಎರಡನೆಯ ಜಾಯಿಂಟಿಗೆ ಇಟ್ಟ.